ಡ್ರಿಪ್ ಫಿಲ್ಟರಿನ ಮುಳ್ಳು ಹೇಳುವುದೇನು?



ಈ ಹೊತ್ತು ನಾನು ನಿಮ್ಮೊಡನೆ ಮಾತಾಡಲು ಬಂದಿರುವುದು ಒಂದು ಸಣ್ಣ ವಸ್ತುವಿನ ವಿಚಾರವಾಗಿ. ಅದು ನಿಮ್ಮ ಪಂಪು ಶೆಡ್ಡಿನಲ್ಲಿ ಉಂಟು. ಅಂಗೈಯೊಳಗೆ ಹಿಡಿಸುವಷ್ಟೇ ಅದರ ಗಾತ್ರ. ದುಂಡಗೆ ಗಡಿಯಾರದ ಹಾಗೆ ಮುಖ, ಮೇಲೆ ಗಾಜು, ಒಳಗೆ ಒಂದೇ ಮುಳ್ಳು. ಹೌದು, ಡ್ರಿಪ್ ಫಿಲ್ಟರಿನ ಮೇಲೆ ಕೂರಿಸಿರುವ ಒತ್ತಡದ ಗೇಜು. ಡ್ರಿಪ್ ಹಾಕಿಸಿದ ದಿನ ಬಂದ ಹುಡುಗರು ಅದನ್ನೊಮ್ಮೆ ಬೆರಳಿಂದ ತೋರಿಸಿ, "ಇದು ಪ್ರೆಶರು ನೋಡಲಿಕ್ಕೆ" ಎಂದು ಹೇಳಿ ಹೋಗಿರುತ್ತಾರೆ. ಆಮೇಲೆ ಅದನ್ನು ನೋಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಅದರ ಗಾಜಿನ ಮೇಲೆ ಜೇಡ ಬಲೆ ಕಟ್ಟಿರುತ್ತದೆ.

ನನ್ನದು ಮಿಜಾರು. ಮೂಡುಬಿದಿರೆಯ ಕಡೆಯವರಿಗೆ ನಮ್ಮ ಊರಿನ ನೆಲ ಗೊತ್ತು. ಮೇಲೆ ಮುರಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಮನೆ, ಮನೆಯ ಕೆಳಗೆ ಅಡಿಕೆ ತೋಟ, ಅದರಾಚೆ ಗದ್ದೆ. ಬಂಟ್ವಾಳ, ಬೆಳ್ತಂಗಡಿಯ ಕಡೆಗೂ ಇದೇ ಚಿತ್ರ. ನಮ್ಮ ಜಿಲ್ಲೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೆ ಅಷ್ಟೂ ಮಳೆ ಕೆಲವೇ ತಿಂಗಳಲ್ಲಿ ಸುರಿದು ಸಮುದ್ರ ಸೇರುತ್ತದೆ. ದೀಪಾವಳಿ ಕಳೆದರೆ ತೋಟಕ್ಕೆ ನೀರಿನ ಯೋಚನೆ ಶುರು. ಪತ್ತನಾಜೆಯ ವರೆಗೆ ಆ ಯೋಚನೆ ಬಿಡುವುದಿಲ್ಲ.

ಹಿಂದೆ ನಮ್ಮ ಹಿರಿಯರು ಏತದಿಂದ ನೀರೆತ್ತಿ, ಅಡಿಕೆ ದಂಬೆಯಲ್ಲಿ ಹರಿಸಿ, ಕಣಿಯಲ್ಲಿ ನಿಲ್ಲಿಸಿ, ಮರದ ಬುಡಕ್ಕೆ ಎರಚುತ್ತಿದ್ದರು. ಆ ಕೆಲಸದಲ್ಲಿ ಬೆನ್ನು ಮುರಿಯುತ್ತಿತ್ತು, ಆದರೆ ಒಂದು ಗುಣವಿತ್ತು. ಯಾವ ಮರಕ್ಕೆ ನೀರು ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಡ್ರಿಪ್ಪಿನಲ್ಲಿ ಹಾಗಲ್ಲ. ನೀರು ಪೈಪಿನ ಒಳಗಿಂದ ಹೋಗುತ್ತದೆ, ಸೋಗೆ ಮುಚ್ಚಿದ ಬುಡದಲ್ಲಿ ಹನಿಯುತ್ತದೆ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ನಮಗಿರುವ ಕಣ್ಣು ಆ ಗೇಜಿನ ಮುಳ್ಳು ಒಂದೇ. ಆ ಕಣ್ಣಿಗೇ ಪೊರೆ ಬಂದರೆ?

ನನಗೆ ಆದದ್ದನ್ನೇ ಹೇಳುತ್ತೇನೆ, ಕೇಳಿ. ನಾಚಿಕೆ ಬಿಟ್ಟು ಹೇಳುವ ಮಾತು.

ನಮ್ಮ ಫಿಲ್ಟರಿಗೆ ಎರಡು ಗೇಜು ಇತ್ತು. ನೀರು ಒಳಗೆ ಬರುವ ಬದಿಯಲ್ಲಿ ಒಂದು, ಸೋಸಿ ಹೊರಗೆ ಹೋಗುವ ಬದಿಯಲ್ಲಿ ಇನ್ನೊಂದು. ಹೊರಗಿನದ್ದರ ಗಾಜಿನೊಳಗೆ ಮಳೆಗಾಲದಲ್ಲಿ ನೀರು ಸೇರಿ ಮಂಜು ಹಿಡಿದು ಅಂಕೆ ಕಾಣುತ್ತಿರಲಿಲ್ಲ. "ಒಂದು ಸರಿ ಉಂಟಲ್ಲ, ಸಾಕು" ಎಂದು ಸುಮ್ಮನಿದ್ದೆ. ಒಳಬದಿಯ ಗೇಜು ದಿನವೂ 1.5 ತೋರಿಸುತ್ತಿತ್ತು. ಬೆಳಿಗ್ಗೆ ನೋಡಿದರೂ 1.5, ಸಂಜೆ ನೋಡಿದರೂ 1.5. ಮುಳ್ಳು ಅಲುಗದಿದ್ದರೆ ಎಲ್ಲವೂ ಕ್ಷೇಮ ಎಂದು ನಾನು ಲೆಕ್ಕ ಹಾಕಿದ್ದೆ.

ಮಾರ್ಚ್ ತಿಂಗಳು ಬಂತು. ತೋಟದ ಕೆಳ ಅಂಚಿನ ಎಂಬತ್ತು ಮರಗಳಲ್ಲಿ ಸೋಗೆಯ ತುದಿ ಬಾಡಿತು. ನಳ್ಳಿ ಉದುರಲು ಶುರುವಾಯಿತು. ಬೆಳಿಗ್ಗೆ ಹೋದರೆ ಬುಡದಲ್ಲಿ ಎಳೆಕಾಯಿ ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ರೋಗವೆಂದು ಒಬ್ಬರು ಹೇಳಿದರು, ಗೊಬ್ಬರ ಸಾಲದೆಂದು ಇನ್ನೊಬ್ಬರು. ನಾನು ಎರಡಕ್ಕೂ ದುಡ್ಡು ಸುರಿದೆ. ನೀರಿನ ಮೇಲೆ ನನಗೆ ಸಂಶಯವೇ ಬರಲಿಲ್ಲ. ಏಕೆಂದರೆ ಗೇಜು 1.5 ತೋರಿಸುತ್ತಿತ್ತಲ್ಲ!

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಮ್ಮ ಮನೆಯವಳು ದನಕ್ಕೆ ಹುಲ್ಲು ತರಲು ಶೆಡ್ಡಿನ ಬದಿಯಿಂದ ಹೋದವಳು ಅಲ್ಲಿಂದಲೇ ಕೂಗಿದಳು.

"ಇಲ್ಲಿ ಬನ್ನಿ ನೋಡುವ. ಕರೆಂಟು ಹೋಗಿ ಗಂಟೆ ಆಯ್ತಲ್ಲ, ಪಂಪು ನಿಂತಿದೆ. ಮತ್ತೆ ಈ ಮುಳ್ಳು ಯಾಕೆ ಇನ್ನೂ ಒಂದೂವರೆಯಲ್ಲೇ ಉಂಟು?"

ನಾನು ಹೋಗಿ ನೋಡಿದೆ. ಅವಳ ಮಾತು ನಿಜ. ನೀರಿಲ್ಲ, ಪಂಪಿಲ್ಲ, ಮುಳ್ಳು ಮಾತ್ರ ಗಟ್ಟಿಯಾಗಿ ನಿಂತಿದೆ. ಗೇಜು ಬಿಚ್ಚಿ ನೋಡಿದರೆ ಅದರ ಬುಡದ ಸಣ್ಣ ತೂತಿನೊಳಗೆ ಕೆಂಪು ಕೆಸರು ತುಂಬಿ ಕಲ್ಲಾಗಿತ್ತು. ಅದು ಎಷ್ಟು ದಿನದಿಂದ ಸತ್ತಿತ್ತೋ ದೇವರೇ ಬಲ್ಲ. ಫಿಲ್ಟರು ಬಿಚ್ಚಿದೆವು. ಜಾಲರಿಯ ಮೇಲೆ ಪಾಚಿ ಮತ್ತು ಕೆಂಪು ಮಣ್ಣು ಸೇರಿ ದೋಸೆಯ ಹಾಗೆ ಹಿಡಿದಿತ್ತು. ಮರಗಳು ಬಾಯಾರಿಕೆಯಿಂದ ಒಣಗುತ್ತಿದ್ದವು, ನಾನು ಗೊಬ್ಬರ ಹಾಕುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆದುದರಿಂದ ಬಂಧುಗಳೇ, ನನ್ನ ಹಾಗೆ ನೀವು ಕಳಕೊಳ್ಳಬಾರದೆಂದು ಈ ಮಾತು.

ಮೊದಲು ಒತ್ತಡ ಅಂದರೇನು ತಿಳಿಯೋಣ. ಇದಕ್ಕೆ ಶಾಲೆಯ ಲೆಕ್ಕ ಬೇಡ. ನೀರು ಎತ್ತರದಲ್ಲಿದ್ದರೆ ಕೆಳಗೆ ಅದರ ಭಾರ ಬೀಳುತ್ತದೆ. ಹತ್ತು ಮೀಟರ್ ಎತ್ತರದಲ್ಲಿರುವ ನೀರು ಕೆಳಗಿನ ಪೈಪಿನ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆ.ಜಿ. ಭಾರ ಹಾಕುತ್ತದೆ. ಗೇಜಿನ ಮೇಲೆ '1' ಎಂದರೆ ಇಷ್ಟೇ ಅರ್ಥ. ನೀರು ಹತ್ತು ಮೀಟರ್ ಎತ್ತರದ ಟಾಂಕಿಯಿಂದ ಬಂದ ಹಾಗೆ ಒತ್ತುತ್ತಿದೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದಲ್ಲಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದ್ದನ್ನು ನೀವು ಕೇಳಿರಬಹುದು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರಿಗೆ ಪಂಪು ಯಾತಕ್ಕೆ? ಎತ್ತರವೇ ಅದಕ್ಕೆ ಬಲ. ಇಪ್ಪತ್ತು ಮೀಟರ್ ಇಳಿದು ಬಂದ ನೀರಿಗೆ ಎರಡು ಕೆ.ಜಿ. ಒತ್ತಡ ತಾನಾಗಿಯೇ ಇರುತ್ತದೆ. ನಮ್ಮ ಪಂಪು ಮಾಡುವುದೂ ಇದೇ ಕೆಲಸ. ಇಲ್ಲದ ಎತ್ತರವನ್ನು ಕರೆಂಟಿನಿಂದ ಹುಟ್ಟಿಸುತ್ತದೆ.

ಗೇಜಿನ ಮುಖದ ಮೇಲೆ ಕೆಲವು ಸಲ ಎರಡು ಸಾಲು ಅಂಕೆ ಇರುತ್ತದೆ. ಒಂದು ಸಾಲು ಕೆ.ಜಿ., ಇನ್ನೊಂದು ಸಾಲು ಪೌಂಡು. ಒಂದು ಕೆ.ಜಿ. ಅಂದರೆ ಸುಮಾರು 14 ಪೌಂಡು. ಈ ದಿನ ಒಂದು ಸಾಲು, ನಾಳೆ ಇನ್ನೊಂದು ಸಾಲು ಓದಿದರೆ ಗೊಂದಲವಾಗುತ್ತದೆ. ಕೆಲವು ಗೇಜಿನಲ್ಲಿ 'ಬಾರ್' ಎಂದು ಬರೆದಿರುತ್ತದೆ. ನಮ್ಮ ತೋಟದ ಲೆಕ್ಕಕ್ಕೆ ಬಾರ್ ಮತ್ತು ಕೆ.ಜಿ. ಎರಡೂ ಒಂದೇ ಎಂದು ತಿಳಿದರೆ ನಷ್ಟವಿಲ್ಲ.

ಒತ್ತಡ ಕಡಿಮೆಯಾದರೆ ನೀರು ಎಷ್ಟು ಕಡಿಮೆಯಾಗುತ್ತದೆ? ವಿಟ್ಲದಲ್ಲಿ 1956ರಲ್ಲಿ ಅಡಿಕೆಗೆಂದೇ ಶುರುವಾದ ಸಂಶೋಧನಾ ಕೇಂದ್ರ ನಿಮಗೆಲ್ಲ ಗೊತ್ತು. ಈಗ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದೆ. ಬೇಸಿಗೆಯಲ್ಲಿ ಡ್ರಿಪ್ಪಿನ ಮೂಲಕ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಕೊಡಿ ಎಂದು ಅಲ್ಲಿಯ ಸಲಹೆ. ಮರಕ್ಕೆ ಎರಡು ಡ್ರಿಪ್ಪರು, ಒಂದೊಂದು ಗಂಟೆಗೆ 4 ಲೀಟರಿನದ್ದು ಎಂದಿಟ್ಟುಕೊಳ್ಳಿ. ಎರಡೂವರೆ ಗಂಟೆ ಪಂಪು ಓಡಿಸಿದರೆ 20 ಲೀಟರ್ ಆಯಿತು. ಆದರೆ ಡ್ರಿಪ್ಪರಿನ ಮೇಲೆ ಬರೆದ ಆ 4 ಲೀಟರು ಸಾಮಾನ್ಯವಾಗಿ ಒಂದು ಕೆ.ಜಿ. ಒತ್ತಡ ಇದ್ದಾಗಿನ ಲೆಕ್ಕ. ಸಾದಾ ಡ್ರಿಪ್ಪರಿನಲ್ಲಿ ಒತ್ತಡ ಅರ್ಧಕ್ಕೆ ಇಳಿದರೆ ನೀರು ನೂರಕ್ಕೆ ಎಪ್ಪತ್ತರಷ್ಟಾಗುತ್ತದೆ. ಒತ್ತಡ ಕಾಲುಭಾಗಕ್ಕೆ ಇಳಿದರೆ ನೀರು ಅರ್ಧ. ಅಂದರೆ ನೀವು ಅದೇ ಎರಡೂವರೆ ಗಂಟೆ ಪಂಪು ಓಡಿಸಿದ್ದೀರಿ, ಕರೆಂಟು ಅಷ್ಟೇ ಹೊತ್ತು ಖರ್ಚಾಗಿದೆ, ಮರಕ್ಕೆ ಸಿಕ್ಕಿದ್ದು ಹತ್ತೇ ಲೀಟರ್. ದೂರದ ಸಾಲಿನ ಮರಗಳಿಗೆ ಇನ್ನೂ ಕಡಿಮೆ. ಥ್ರೀಫೇಸ್ ಕರೆಂಟು ಸಿಗುವುದೇ ಕೆಲವು ಗಂಟೆ. ಆ ಗಂಟೆಗಳು ಹೀಗೆ ಹೋದರೆ ಯಾರನ್ನು ಕೇಳುವುದು?

ಈಗ ಫಿಲ್ಟರಿನ ವಿಷಯಕ್ಕೆ ಬರೋಣ. ಕೆರೆ, ತೋಡು, ತೆರೆದ ಬಾವಿಯ ನೀರಿಗೆ ಪಾಚಿಯ ಉಪದ್ರ ಇರುವುದರಿಂದ ಮರಳು ಫಿಲ್ಟರು ಹಾಕುತ್ತಾರೆ. ಅದರ ಮುಂದೆ ಜಾಲರಿ ಫಿಲ್ಟರು, ಇಲ್ಲವೇ ಬಿಲ್ಲೆ ಬಿಲ್ಲೆ ಜೋಡಿಸಿದ ಡಿಸ್ಕ್ ಫಿಲ್ಟರು. ಮೂರರ ಕೆಲಸವೂ ಚಹಾ ಸೋಸುವ ಜಾಲರಿಯ ಕೆಲಸವೇ. ಸೋಸುವಾಗ ನೀರಿನ ಒತ್ತಡ ಸ್ವಲ್ಪ ಖರ್ಚಾಗುತ್ತದೆ. ಶುಚಿಯಾಗಿದ್ದರೆ ಜಾಲರಿ ಫಿಲ್ಟರಿನಲ್ಲಿ 0.1ರಿಂದ 0.2 ಕೆ.ಜಿ., ಮರಳಿನದ್ದರಲ್ಲಿ 0.2ರಿಂದ 0.3 ಕೆ.ಜಿ. ಆಸುಪಾಸು. ಕಸ ಕಟ್ಟಿದ ಹಾಗೆಲ್ಲ ಈ ಖರ್ಚು ಏರುತ್ತದೆ. ಒಳಬದಿಯ ಅಂಕೆಯಿಂದ ಹೊರಬದಿಯ ಅಂಕೆ ಕಳೆಯಿರಿ. ಉಳಿದದ್ದೇ ಅಂತರ. ಆ ಅಂತರವೇ ಫಿಲ್ಟರಿನ ನಾಡಿ. ನಾಡಿ ನೋಡಲು ಎರಡು ಬದಿಯ ಅಂಕೆಯೂ ಬೇಕು. ಒಂದೇ ಬದಿ ನೋಡುವುದು ತಕ್ಕಡಿಯ ಒಂದೇ ತಟ್ಟೆ ನೋಡಿ ತೂಕ ಹೇಳಿದ ಹಾಗೆ.

ಪೇಟೆಯ ಈಜುಕೊಳಗಳಲ್ಲೂ ಇಂಥದೇ ಮರಳು ಫಿಲ್ಟರು, ಇಂಥದೇ ಗೇಜು ಇರುತ್ತದೆ. ಶುಚಿಯಿದ್ದ ದಿನದ ಅಂಕೆಗಿಂತ 8–10 ಪೌಂಡು ಮೇಲೆ ಹೋದರೆ ಅಲ್ಲಿಯವರು ನೀರನ್ನು ಹಿಂದಕ್ಕೆ ಹಾಯಿಸಿ ಮರಳು ತೊಳೆಯುತ್ತಾರೆ. ನಮ್ಮ ಡ್ರಿಪ್ಪಿಗೆ ಅಷ್ಟು ಹೊತ್ತು ಕಾಯಲಾಗದು. ಶುಚಿ ದಿನದ ಅಂತರಕ್ಕಿಂತ 0.3 ಕೆ.ಜಿ. ಹೆಚ್ಚಾದರೆ, ಅಥವಾ ಒಟ್ಟು ಅಂತರ 0.5ಕ್ಕೆ ಮುಟ್ಟಿದರೆ ತೊಳೆಯಬೇಕು. ಅದನ್ನೂ ಮೀರಿ ಬಿಟ್ಟರೆ ಜಾಲರಿ ಹರಿಯಬಹುದು. ಹರಿದ ಮೇಲೆ ಕಸವೆಲ್ಲ ಡ್ರಿಪ್ಪರಿನೊಳಗೆ ಹೋಗಿ ಕೂರುತ್ತದೆ. ಒಂದು ಜಾಲರಿ ತೊಳೆಯಲು ಸೋಮಾರಿತನ ಮಾಡಿದವನು ಸಾವಿರ ಡ್ರಿಪ್ಪರು ಚುಚ್ಚುತ್ತಾ ಕೂರಬೇಕು.

ಎರಡು ಮುಳ್ಳೂ ಸರಿ ಇರುವಾಗ ಅವು ಏನೇನು ಹೇಳುತ್ತವೆ ಎಂದು ಒಂದೊಂದಾಗಿ ನೋಡುವ.

ಒಂದು: ಒಳಬದಿಯ ಅಂಕೆ ಏರಿದೆ, ಹೊರಬದಿಯದ್ದು ಇಳಿದಿದೆ. ಇದು ಫಿಲ್ಟರು ಕಟ್ಟಿದ ಗುರುತು. ತೊಳೆಯಿರಿ.

ಎರಡು: ಎರಡೂ ಇಳಿದಿವೆ, ಅಂತರವೂ ಮೊದಲಿಗಿಂತ ಸಣ್ಣದಾಗಿದೆ. ಫಿಲ್ಟರಿಗೆ ನೀರೇ ಸರಿಯಾಗಿ ಬರುತ್ತಿಲ್ಲ. ಬಾವಿಯಲ್ಲಿ ನೀರು ಕೆಳಗೆ ಹೋಗಿರಬಹುದು, ಫುಟ್‌ವಾಲ್ವಿಗೆ ಕಸ ಸಿಕ್ಕಿರಬಹುದು, ಹೀರುವ ಪೈಪಿನಲ್ಲಿ ಗಾಳಿ ಸೇರುತ್ತಿರಬಹುದು, ವೋಲ್ಟೇಜು ಕಡಿಮೆ ಇರಬಹುದು, ಇಲ್ಲವೇ ಪಂಪಿಗೂ ಫಿಲ್ಟರಿಗೂ ನಡುವೆ ಪೈಪು ಒಡೆದಿರಬಹುದು.

ಮೂರು: ಎರಡೂ ಇಳಿದಿವೆ, ಆದರೆ ಅಂತರ ಸಣ್ಣದಾಗಿಲ್ಲ, ತುಸು ದೊಡ್ಡದೇ ಆಗಿದೆ. ಫಿಲ್ಟರಿನ ಮುಂದೆ ನೀರು ಬೇಕಾದ್ದಕ್ಕಿಂತ ಹೆಚ್ಚು ಓಡುತ್ತಿದೆ. ಒಂದು ಗೇಟಿನ ಬದಲು ಎರಡು ಗೇಟು ತೆರೆದಿದ್ದೀರೋ, ಸಾಲಿನ ತುದಿಯ ಬೂಚು ಬಿಚ್ಚಿದೆಯೋ, ಹಂದಿಯೋ ಹೆಗ್ಗಣವೋ ಪೈಪು ಕಡಿದಿದೆಯೋ, ಹೋಗಿ ನೋಡಿ.

ನಾಲ್ಕು: ಎರಡೂ ಏರಿವೆ, ಅಂತರ ಸಣ್ಣದಾಗಿದೆ. ಮುಂದೆ ದಾರಿ ಕಟ್ಟಿದೆ ಎಂದು ಅರ್ಥ. ಗೇಟು ಪೂರ್ತಿ ತೆರೆದಿಲ್ಲ, ಇಲ್ಲವೇ ಡ್ರಿಪ್ಪರುಗಳು ಮುಚ್ಚಿಕೊಳ್ಳುತ್ತಿವೆ. ಒತ್ತಡ ಜಾಸ್ತಿ ಉಂಟೆಂದು ಹಿಗ್ಗಬೇಡಿ. ಇದು ಖುಷಿಯ ಏರಿಕೆ ಅಲ್ಲ.

ಐದು: ಅಂತರವೇ ಇಲ್ಲ, ಎರಡೂ ಒಂದೇ ಅಂಕೆ. ಫಿಲ್ಟರು ಭಾರಿ ಶುಚಿ ಉಂಟೆಂದು ತಿಳಿದು ಮನೆಗೆ ಹೋಗಬೇಡಿ. ನೀರು ಓಡುತ್ತಿರುವಾಗ ಅಂತರ ಸ್ವಲ್ಪವಾದರೂ ಇರಲೇಬೇಕು. ಜಾಲರಿ ಹರಿದಿದೆ, ಇಲ್ಲವೇ ತೊಳೆದವರು ಜಾಲರಿ ಹಾಕದೆಯೇ ಮುಚ್ಚಿದ್ದಾರೆ, ಇಲ್ಲವೇ ಮುಂದೆ ನೀರು ಓಡುತ್ತಲೇ ಇಲ್ಲ. ಇವು ಯಾವುದೂ ಅಲ್ಲದಿದ್ದರೆ ಗೇಜು ಸುಳ್ಳು ಹೇಳುತ್ತಿದೆ.

ಈಗ ಸುಳ್ಳು ಹೇಳುವ ಗೇಜಿನ ಮಾತು. ಗೇಜಿನ ಒಳಗೆ ಏನುಂಟು ಗೊತ್ತೇ? ಬಾಗಿದ ಒಂದು ಲೋಹದ ಕೊಳವೆ. ಕುಡುಗೋಲಿನ ಹಾಗೆ ಬಗ್ಗಿರುತ್ತದೆ, ಸ್ವಲ್ಪ ಚಪ್ಪಟೆ ಇರುತ್ತದೆ. ನೀರು ಒಳಗೆ ಒತ್ತಿದಾಗ ಆ ಬಾಗು ಕೂದಲೆಳೆಯಷ್ಟು ನೆಟ್ಟಗಾಗಲು ನೋಡುತ್ತದೆ. ಅದರ ತುದಿಗೆ ಸಣ್ಣ ಹಲ್ಲಿನ ಚಕ್ರ ಕಟ್ಟಿ ಮುಳ್ಳು ತಿರುಗಿಸುತ್ತಾರೆ. ಫ್ರಾನ್ಸ್ ದೇಶದ ಯೂಜೀನ್ ಬೂರ್ಡಾನ್ ಎಂಬವರು 1849ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಈಗಲೂ ನಮ್ಮ ಪಂಪು ಶೆಡ್ಡಿನಲ್ಲಿ ಹೆಚ್ಚಾಗಿ ಇರುವುದು ಅದೇ ಉಪಾಯ. ಇಷ್ಟು ನಾಜೂಕಿನ ವಸ್ತು ನಮ್ಮ ಮಳೆ, ಕೆಸರು, ಪಂಪಿನ ನಡುಕ ಎಲ್ಲವನ್ನೂ ತಡೆಯಬೇಕು. ಹಾಗಾಗಿ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಕೆಡುವ ಬಗೆ ಮುಖ್ಯವಾಗಿ ನಾಲ್ಕು. ಬುಡದ ತೂತು ಕೆಸರಿನಿಂದ ಮುಚ್ಚುವುದು ಮೊದಲನೆಯದು. ಹಲ್ಲುಚಕ್ರ ತುಕ್ಕು ಹಿಡಿದು ಮುಳ್ಳು ಸಿಕ್ಕಿಕೊಳ್ಳುವುದು ಎರಡನೆಯದು. ಪಂಪು ಥಟ್ಟನೆ ನಿಂತಾಗ, ಗೇಟು ಥಟ್ಟನೆ ಮುಚ್ಚಿದಾಗ ಪೈಪಿನೊಳಗೆ ನೀರು ಹಿಂದಕ್ಕೆ ಬಡಿಯುತ್ತದೆ. ಆ ಪೆಟ್ಟಿಗೆ ಕೊಳವೆ ಹಿಗ್ಗಿ ಮತ್ತೆ ತನ್ನ ಜಾಗಕ್ಕೆ ಬಾರದಿರುವುದು ಮೂರನೆಯದು. ಗಾಜಿನೊಳಗೆ ನೀರು ಸೇರಿ ಅಂಕೆ ಅಳಿಸಿ ಹೋಗುವುದು ನಾಲ್ಕನೆಯದು.

ಪರೀಕ್ಷೆ ಮಾಡುವುದು ಹೇಗೆ? ದುಡ್ಡು ಖರ್ಚಿಲ್ಲದ ನಾಲ್ಕು ಪರೀಕ್ಷೆ ಹೇಳುತ್ತೇನೆ.

ಮೊದಲನೆಯದು ಸೊನ್ನೆಯ ಪರೀಕ್ಷೆ. ಪಂಪು ನಿಲ್ಲಿಸಿ, ಫಿಲ್ಟರಿನ ಕೆಳಗಿನ ಕಸ ಬಿಡುವ ನಲ್ಲಿ ತೆರೆದು ನೀರು ಹೋಗಲು ಬಿಡಿ. ಈ ನಲ್ಲಿ ತೆರೆಯುವುದು ಅಗತ್ಯ. ಏಕೆಂದರೆ ತೋಟ ಫಿಲ್ಟರಿಗಿಂತ ಮೇಲೆ ಇದ್ದರೆ ಪೈಪಿನಲ್ಲಿ ನಿಂತ ನೀರೇ ಒತ್ತಡ ಕೊಡುತ್ತಿರುತ್ತದೆ. ನೀರು ಹೋದ ಮೇಲೆ ಎರಡು ಮುಳ್ಳೂ ಸೊನ್ನೆಗೆ ಬರಬೇಕು. ಬೆರಳಿಂದ ಮೆಲ್ಲನೆ ತಟ್ಟಿ ನೋಡಿ. ಆಗಲೂ ಬಾರದಿದ್ದರೆ ಆ ಗೇಜು ನಂಬಲು ಯೋಗ್ಯವಲ್ಲ. ನಮ್ಮ ಮನೆಯವಳು ಮಾಡಿದ್ದು ಇದೇ ಪರೀಕ್ಷೆ, ಹೆಸರು ಗೊತ್ತಿಲ್ಲದೆ.

ಎರಡನೆಯದು ಅಲುಗಿಸುವ ಪರೀಕ್ಷೆ. ಸೊನ್ನೆಗೆ ಬಂದ ಮಾತ್ರಕ್ಕೆ ಸರಿ ಎನ್ನಲಾಗದು, ಸೊನ್ನೆಯಲ್ಲೇ ಸತ್ತ ಮುಳ್ಳೂ ಉಂಟು. ಪಂಪು ಓಡುವಾಗ ಮುಂದಿನ ಗೇಟನ್ನು ನಿಧಾನವಾಗಿ ಸ್ವಲ್ಪ ಮುಚ್ಚಿ. ಎರಡು ಮುಳ್ಳೂ ಏರಬೇಕು. ತೆರೆದರೆ ಇಳಿಯಬೇಕು. ಗೇಟು ಪೂರ್ತಿ ಮುಚ್ಚಬೇಡಿ, ಪೈಪು ಒಡೆದೀತು.

ಮೂರನೆಯದು ಅದಲು ಬದಲಿನ ಪರೀಕ್ಷೆ. ಒಳಗಿನ ಗೇಜು ಹೊರಗೆ, ಹೊರಗಿನದ್ದು ಒಳಗೆ ಹಾಕಿ. ಎರಡೂ ಸತ್ಯವಂತರಾದರೆ ಆಯಾ ಬದಿಯ ಅಂಕೆ ಮೊದಲಿನ ಹಾಗೆಯೇ ಬರಬೇಕು. ಅಂಕೆ ಗೇಜಿನ ಜೊತೆಗೇ ಹೋಯಿತೋ, ತಪ್ಪು ಗೇಜಿನದ್ದು.

ನಾಲ್ಕನೆಯದು ಎತ್ತರದ ಪರೀಕ್ಷೆ. ಗುಡ್ಡದ ಮೇಲೆ ನೀರಿನ ಟಾಂಕಿ ಇರುವವರಿಗೆ ಇದು ಬಲು ಸುಲಭ. ಟಾಂಕಿಯ ನೀರಿನ ಮಟ್ಟದಿಂದ ಗೇಜಿನ ವರೆಗೆ ನೇರ ಎತ್ತರ ಅಳೆಯಿರಿ. ಪೈಪಿನ ಉದ್ದ ಅಲ್ಲ, ನೇರ ಎತ್ತರ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬು ಹಿಡಿದು ಹಂತ ಹಂತವಾಗಿ ಇಳಿದು ಬಂದರೆ ಲೆಕ್ಕ ಸಿಗುತ್ತದೆ. ಮುಂದಿನ ಗೇಟುಗಳನ್ನೆಲ್ಲ ಮುಚ್ಚಿ ನೀರು ನಿಲ್ಲಿಸಿ. ಹದಿನೈದು ಮೀಟರ್ ಇದ್ದರೆ ಮುಳ್ಳು 1.5ರಲ್ಲಿ ನಿಲ್ಲಬೇಕು. ಗುಡ್ಡದ ಟಾಂಕಿ ಇಲ್ಲದವರು ಮನೆಯ ಮಾಡಿನ ಮೇಲಿನ ಟಾಂಕಿಯಲ್ಲಿ ನೋಡಬಹುದು. ನೀರಿನ ಮಟ್ಟದಿಂದ ಕೆಳಗಿನ ನಲ್ಲಿಗೆ ಐದು ಮೀಟರ್ ಇದ್ದರೆ, ಬೇರೆ ನಲ್ಲಿ ಮುಚ್ಚಿರುವಾಗ, ಗೇಜು ಅರ್ಧ ಕೆ.ಜಿ. ತೋರಿಸಬೇಕು. ನೀರಿನ ಎತ್ತರ ಸುಳ್ಳು ಹೇಳುವುದಿಲ್ಲ. ಹೊಸ ಗೇಜು ತಂದ ದಿನವೇ ಇದನ್ನು ಮಾಡಿ ನೋಡುವುದು ಒಳ್ಳೆಯದು, ಹೊಸದೆಲ್ಲ ಸರಿ ಇರಬೇಕೆಂದಿಲ್ಲ.

ಹೊಸದು ಕೊಳ್ಳುವಾಗ ಇನ್ನೊಂದು ವಿಷಯ ಗಮನಿಸಿ. ಅಂಗಡಿಯಲ್ಲಿ ಹತ್ತು ಕೆ.ಜಿ.ಯ ಗೇಜು ಕೊಡುತ್ತಾರೆ. ದೊಡ್ಡ ಅಂಕೆ ಇದ್ದರೆ ಗಟ್ಟಿ ಎಂದು ನಾವು ತರುತ್ತೇವೆ. ಗೇಜಿನ ತಪ್ಪನ್ನು ಅದರ ಪೂರ್ತಿ ಅಳತೆಯ ಮೇಲೆ ಲೆಕ್ಕ ಹಾಕುತ್ತಾರೆ. ನೂರಕ್ಕೆ ಎರಡೂವರೆ ತಪ್ಪು ಬರಬಹುದಾದ ಗೇಜು ಎಂದಿಟ್ಟುಕೊಳ್ಳಿ. ಅದು ಹತ್ತು ಕೆ.ಜಿ.ಯದ್ದಾದರೆ ಕಾಲು ಕೆ.ಜಿ. ಆಚೀಚೆ ಹೇಳಬಹುದು. ನಾವು ಹುಡುಕುವ ಅಂತರವೇ ಅಷ್ಟು! ಮಣದ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ ಆಯಿತು. ನಾಲ್ಕು ಕೆ.ಜಿ.ಯ ಗೇಜಾದರೆ ಅದೇ ತಪ್ಪು 0.1 ಮಾತ್ರ. ನಿಮ್ಮ ತೋಟದ ಅಂಕೆ ಗೇಜಿನ ಮುಖದ ನಡುಭಾಗದಲ್ಲಿ ಬರುವಂಥದನ್ನು ಆರಿಸಿ. ಗ್ಲಿಸರಿನ್ ಎಣ್ಣೆ ತುಂಬಿದ ಗೇಜಿಗೆ ಸ್ವಲ್ಪ ಹೆಚ್ಚು ಬೆಲೆ, ಆದರೆ ಪಂಪಿನ ನಡುಕಕ್ಕೆ ಮುಳ್ಳು ಕುಣಿಯುವುದಿಲ್ಲ.

ಎರಡು ಗೇಜಿನ ಬದಲು ಒಂದೇ ಒಳ್ಳೆಯ ಗೇಜು ಇಟ್ಟು, ಎರಡು ಬದಿಯಿಂದ ಸಣ್ಣ ಟ್ಯೂಬು ತಂದು, ಮೂರು ದಾರಿಯ ನಲ್ಲಿ ಹಾಕಿಸಿದರೆ ಇನ್ನೂ ಉತ್ತಮ. ಹಿಡಿ ಆಚೆ ತಿರುಗಿಸಿದರೆ ಒಳಗಿನ ಒತ್ತಡ, ಈಚೆ ತಿರುಗಿಸಿದರೆ ಹೊರಗಿನದ್ದು. ಗೇಜಿನಲ್ಲಿ ಸಣ್ಣ ತಪ್ಪಿದ್ದರೂ ಎರಡು ಬದಿಗೂ ಹೆಚ್ಚುಕಡಿಮೆ ಅದೇ ತಪ್ಪು ಬರುವುದರಿಂದ ಕಳೆಯುವಾಗ ಅದು ಹೋಗಿ ಅಂತರ ಸರಿಯಾಗಿ ಸಿಗುತ್ತದೆ. ನಾನು ಈಗ ಹೀಗೆಯೇ ಮಾಡಿಸಿದ್ದೇನೆ.

ಇನ್ನು ದಿನದ ಕ್ರಮ. ಫಿಲ್ಟರು ಚೆನ್ನಾಗಿ ತೊಳೆದ ದಿನ, ನಿತ್ಯ ತೆರೆಯುವ ಗೇಟು ತೆರೆದು, ಪಂಪು ಹತ್ತು ನಿಮಿಷ ಓಡಿದ ಮೇಲೆ ಎರಡು ಅಂಕೆಯನ್ನೂ ಶೆಡ್ಡಿನ ಗೋಡೆಯ ಮೇಲೆ ಪೈಂಟಿನಲ್ಲಿ ದೊಡ್ಡದಾಗಿ ಬರೆಯಿರಿ. ನಮ್ಮ ಗೋಡೆಯಲ್ಲಿ "ಒಳಗೆ 1.5, ಹೊರಗೆ 1.3" ಎಂದು ಬರೆದಿದೆ. ತೋಟದಲ್ಲಿ ಎರಡು ಮೂರು ಗೇಟು ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಬರೆಯಬೇಕು, ಅಂಕೆ ಒಂದೇ ಇರುವುದಿಲ್ಲ. ಆಮೇಲೆ ಪಂಪು ಹಾಕಿದವರು ಯಾರೇ ಇರಲಿ, ಮನೆಯ ಮಕ್ಕಳೇ ಇರಲಿ, ಅಂಕೆ ನೋಡಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗುರುತು ಹಾಕಲಿ. ಹಾಲಿನ ಲೆಕ್ಕ ಬರೆಯುವ ಕೈಗೆ ಇದು ಹೊರೆಯಲ್ಲ. ಅಂಕೆ ದಿನದಿಂದ ದಿನಕ್ಕೆ ಸ್ವಲ್ಪ ಅಲುಗುವುದು ಸಹಜ. ವಾರಗಟ್ಟಲೆ ಒಂದಿಷ್ಟೂ ಅಲುಗದ ಮುಳ್ಳನ್ನೇ ಮೊದಲು ಸಂಶಯದಿಂದ ನೋಡಬೇಕು.

ತೊಳೆಯುವಾಗ ಎಚ್ಚರಿಕೆ. ಪಂಪು ನಿಲ್ಲಿಸದೆ, ಕಸದ ನಲ್ಲಿ ತೆರೆದು ಒತ್ತಡ ಬಿಡದೆ ಫಿಲ್ಟರಿನ ಮುಚ್ಚಳ ಬಿಚ್ಚಲೇಬಾರದು. ಮುಳ್ಳು ಸೊನ್ನೆಯಲ್ಲಿದೆ ಎಂದು ನಂಬಿ ಕೂಡ ಬಿಚ್ಚಬೇಡಿ, ಮುಳ್ಳು ಸತ್ತಿರಬಹುದು. ನಲ್ಲಿಯಿಂದ ನೀರು ಬರುವುದು ನಿಂತಿತೋ ಎಂದು ಕಣ್ಣಾರೆ ನೋಡಿ. ಒತ್ತಡದಲ್ಲಿರುವ ಮುಚ್ಚಳ ಹಾರಿ ಮುಖಕ್ಕೆ ಬಡಿದರೆ ಆಸ್ಪತ್ರೆಯೇ ಗತಿ. ಜಾಲರಿಯನ್ನು ಮೆತ್ತನೆಯ ಬ್ರಶ್ಶಿನಿಂದ ಒಳಗೂ ಹೊರಗೂ ಉಜ್ಜಿ, ತಂತಿ ಬ್ರಶ್ಶು ಬೇಡ. ರಬ್ಬರಿನ ವಾಶರು ಸರಿಯಾಗಿ ಕೂತಿದೆಯೋ ನೋಡಿ ಮುಚ್ಚಿ. ಮರಳು ಫಿಲ್ಟರಿಗೆ ನೀರನ್ನು ಹಿಂದಕ್ಕೆ ಹಾಯಿಸಿ, ಹೊರಬರುವ ನೀರು ತಿಳಿಯಾಗುವ ವರೆಗೆ ಬಿಡಿ. ಗೇಜು ಬಿಚ್ಚುವ ಸಂದರ್ಭ ಬಂದರೆ ಬುಡದ ತೂತನ್ನು ನೀರಿನಲ್ಲಿ ನೆನಸಿ ಮೆಲ್ಲಗೆ ಬಿಡಿಸಿ. ತಂತಿ ಆಳಕ್ಕೆ ಚುಚ್ಚಿದರೆ ಒಳಗಿನ ಕೊಳವೆಗೆ ಪೆಟ್ಟಾಗುತ್ತದೆ.

ಒಂದು ಮಾತು ಬಾಕಿ ಉಂಟು. ಗೇಜು ಎಲ್ಲವನ್ನೂ ಹೇಳುವುದಿಲ್ಲ. ನಮ್ಮ ಕಡೆಯ ಕೆಲವು ಕೊಳವೆ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಮೇಲೆ ಬರುವಾಗ ನೀರು ತಿಳಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಕರಗಿರುವ ಕಬ್ಬಿಣವನ್ನು ಜಾಲರಿ ಹಿಡಿಯಲಾರದು. ಅದು ಫಿಲ್ಟರು ದಾಟಿ ಹೋಗಿ ಡ್ರಿಪ್ಪರಿನ ಬಾಯಲ್ಲಿ ಗಟ್ಟಿಯಾಗುತ್ತದೆ. ಫಿಲ್ಟರಿನ ಅಂತರ ಸರಿಯೇ ಇರುತ್ತದೆ, ಮರಕ್ಕೆ ಮಾತ್ರ ನೀರಿಲ್ಲ. ಅಂಥವರು ನೀರನ್ನು ಮೊದಲು ಟಾಂಕಿಗೋ ಕೆರೆಗೋ ಎತ್ತರದಿಂದ ಬೀಳಿಸಿ, ಗಾಳಿಯಾಡಿಸಿ, ಕೆಂಪು ತಳಕ್ಕೆ ಕೂತ ಮೇಲೆ ತೋಟಕ್ಕೆ ಬಿಡಬೇಕು. ಎಲ್ಲರೂ ತಿಂಗಳಿಗೊಮ್ಮೆ ತೋಟದ ಕೊನೆಯ ಸಾಲಿಗೆ ಹೋಗಿ, ಒಂದು ಡ್ರಿಪ್ಪರಿನ ಕೆಳಗೆ ಲೋಟ ಇಟ್ಟು ಹದಿನೈದು ನಿಮಿಷ ಕಾಯಿರಿ. 4 ಲೀಟರಿನ ಡ್ರಿಪ್ಪರಾದರೆ ಒಂದು ಲೀಟರ್ ಬರಬೇಕು. ಲೋಟ ಹೇಳಿದ್ದೂ ಗೇಜು ಹೇಳಿದ್ದೂ ತಾಳೆಯಾದರೆ ಆ ದಿನ ನಿಶ್ಚಿಂತೆಯಾಗಿ ಊಟ ಮಾಡಬಹುದು. ಹೆಚ್ಚಿನ ಸಂಶಯವಿದ್ದರೆ ವಿಟ್ಲದ ಕೇಂದ್ರ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನು ಕೇಳಲು ಸಂಕೋಚ ಬೇಡ.

ನನ್ನ ಕೆಳ ಅಂಚಿನ ಮರಗಳ ಕಥೆ ಏನಾಯಿತೆಂದು ಕೇಳುವಿರಿ. ನೀರು ಸರಿಯಾದ ಮೇಲೆ ಸೋಗೆ ಹಸುರಾಯಿತು. ಆದರೆ ಆ ವರ್ಷ ಉದುರಿದ ನಳ್ಳಿ ಉದುರಿಯೇ ಹೋಯಿತು, ಒಂಬತ್ತು ಮರಗಳ ತಲೆಯೂ ಬಿದ್ದಿತು. ಗೇಜಿನ ಬೆಲೆ ಆ ನಷ್ಟದ ಮುಂದೆ ಏನೂ ಅಲ್ಲ. ಸತ್ತ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಆ ಐದಾರು ವರ್ಷ ಅಲ್ಲಿ ಹೋದಾಗಲೆಲ್ಲ ನನಗೆ ಆ 1.5 ನೆನಪಾಗುತ್ತದೆ.

ಆದುದರಿಂದ ನಾಳೆ ಬೆಳಿಗ್ಗೆ ಪಂಪು ಹಾಕುವ ಮೊದಲು ಒಮ್ಮೆ ಗೇಜಿನ ಗಾಜು ಒರಸಿ ನೋಡಿ. ಪಂಪು ನಿಂತಿರುವಾಗ ಮುಳ್ಳು ಎಲ್ಲಿದೆ? ಅದೊಂದು ಪ್ರಶ್ನೆಯಿಂದ ಶುರು ಮಾಡಿ. ಮನೆಯವರನ್ನೂ ಕರೆದು ತೋರಿಸಿ. ಅವರ ಕಣ್ಣು ನಮಗಿಂತ ಚುರುಕು ಎಂಬುದಕ್ಕೆ ನಾನೇ ಸಾಕ್ಷಿ.

ನಿಮ್ಮ ತೋಟ ತಂಪಾಗಿರಲಿ.